ನೋಟು ಮತ್ತು ನೋಟ

‘ನೋಡು’ ಧಾತುವಿನಿಂದ ‘ನೋಟ’ ಎಂಬ ಭಾವನಾಮವು, ಓಡು ಎಂಬುದರಿಂದ ಓಟ, ಕೂಡು ಎಂಬುದರಿಂದ ಕೂಟ ಆದ ಕ್ರಮದಲ್ಲಿಯೇ ಸಿದ್ಧಿಸುತ್ತದೆಂಬುದನ್ನು ನಮ್ಮ ಶಾಲೆಯ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಬಲ್ಲನು. ನಾವು ದಿನವೂ ಕೈಯಿಂದ ಕೈಗೆ ದಾಟಿಸುವ ‘ನೋಟು’ ಈ ಕುಲಕ್ಕೆ ಸೇರಿದ ಶಬ್ದವಲ್ಲ. ಅದು ಇಂಗ್ಲಿಷಿನ ಮೂಲಕ ಬಂದುದು. ಗುರುತು ಎಂಬರ್ಥದ ಲ್ಯಾಟಿನ್ ಶಬ್ದವೊಂದು ಅದರ ಮೂಲ. ಕನ್ನಡಿಗರ ನಾಲಗೆಯ ಮೇಲೆ ಉಕಾರಾಂತವಾಗಿ ನೆಲೆನಿಂತಿದೆ, ಅಷ್ಟೆ. ಆದರೂ ಈ ಎರಡು ಶಬ್ದಗಳ ಸಾಮ್ಯವು ಬರಿಯ ಆಕಸ್ಮಿಕವೆಂದು ಹೇಳಿ ಮುಂದೆ ಸಾಗಲು ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಕಾಗದದ ಹಣವು ನಮ್ಮಲ್ಲಿಗೆ ಬರುವುದಕ್ಕೆ ಎಷ್ಟೋ ಕಾಲ ಮೊದಲೇ, ನಾಣ್ಯದ ಸಾಚಾತನವನ್ನು ಕಣ್ಣಿನಿಂದ, ಬೆರಳಿನಿಂದ, ಕಿವಿಯಿಂದ ಪರೀಕ್ಷಿಸಿ ಹೇಳುವವನಿಗೆ ಕನ್ನಡದಲ್ಲಿ ‘ನೋಟಗಾರ’ನೆಂಬ ಹೆಸರಿದ್ದಿತು. ತಮಿಳರೂ ನಾಣ್ಯಪರೀಕ್ಷೆಯನ್ನು ‘ನೋಟ್ಟಂ’ ಎಂದೇ ಕರೆದರು. ಪ್ರಕೃತ ಲೇಖನವು ಆ ನೋಟಗಾರನ ಆಸನದಲ್ಲಿ ಈಗ ಬಂದು ಕುಳಿತಿರುವ ಯಂತ್ರವನ್ನು ಕುರಿತದ್ದಾಗಿದೆ.

ಭಾಷಾಪಂಡಿತನಿಗೆ ಯಂತ್ರದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ವಿದ್ಯಾಸಂಸ್ಥೆಯು ಭಕ್ತರ ಕಾಣಿಕೆಯಿಂದ ನಡೆಯತಕ್ಕದ್ದು. ಆ ಕಾಣಿಕೆಯ ಬಹುಭಾಗವು ಬಾಗಲಗುಂಟೆ, ದಾಸರಹಳ್ಳಿ, ಹೆಸರಘಟ್ಟ ರಸ್ತೆಯ ಆಸುಪಾಸಿನ ಅಂಗಡಿಕಾರರಿಂದಲೂ, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರಿಂದಲೂ ಬರುವಂಥದು. ಪೀಣ್ಯ ಕೈಗಾರಿಕಾ ಪ್ರದೇಶವು ೧೯೭೦ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಆಗ ಗುಂಟೆ ಲೆಕ್ಕದಲ್ಲಿ ರಾಗಿ ಹೊಲವನ್ನು ಅಳೆಯುತ್ತಿದ್ದ ಊರುಗಳು ಈಗ ಅಡಿ ಲೆಕ್ಕದಲ್ಲಿ ನಿವೇಶನಗಳನ್ನು ಅಳೆಯುತ್ತಿವೆ. ಇಂದು ದೂರವಾಣಿಯ ಮೂಲಕ ಹಣ ಪಾವತಿ ಮಾಡುವುದು ಎಲ್ಲೆಡೆ ರೂಢಿಯಾಗಿದ್ದರೂ, ಕಾಣಿಕೆಪೆಟ್ಟಿಗೆಯ ಸೀಳಿನಲ್ಲಿ ಇಳಿಯುವುದು ಕಾಗದದ ನೋಟೇ. ಅದರಲ್ಲೊಂದು ಖೋಟಾ ಇದ್ದರೆ ನಷ್ಟವು ಪೆಟ್ಟಿಗೆಯ ಒಡೆಯನದು. ವಾರದ ಬಟವಾಡೆಯಲ್ಲಿ ಅಂಥದೊಂದು ಕೂಲಿಕಾರನ ಕೈಸೇರಿದರೆ ನಷ್ಟವು ಅವನದೇ, ಮತ್ತಾರದೂ ಅಲ್ಲ. ಆದುದರಿಂದ ಈ ವಿಷಯವನ್ನು ಉಪಾಧ್ಯಾಯರೂ ದಾನಿಗಳೂ ಅರಿತಿರುವುದು ಲೇಸು.

ಹಣದ ಪರೀಕ್ಷೆಯ ಇತಿಹಾಸ ನಮ್ಮ ದೇಶದಲ್ಲಿ ಬಹು ದೀರ್ಘವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ‘ರೂಪದರ್ಶಕ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ರೂಪವೆಂದರೆ ಮುದ್ರೆ ಒತ್ತಿದ ನಾಣ್ಯ. ಅದನ್ನು ನೋಡುವವನು ರೂಪದರ್ಶಕ. ನಮ್ಮ ನೋಟಗಾರನು ಇದರ ಅಚ್ಚಗನ್ನಡ ರೂಪವೆಂದು ಹೇಳಬಹುದು. ಸನ್ನಿಧಾತೃವೆಂಬ ಕೋಶಾಧಿಕಾರಿಯು ರೂಪದರ್ಶಕನು ಶುದ್ಧವೆಂದು ತೀರ್ಮಾನಿಸಿದ ಹಣವನ್ನು ಮಾತ್ರ ಬೊಕ್ಕಸಕ್ಕೆ ಸ್ವೀಕರಿಸಬೇಕು, ಅಶುದ್ಧವಾದುದನ್ನು ಅಲ್ಲಿಯೇ ಕತ್ತರಿಸಿಹಾಕಬೇಕು, ತಂದವನಿಗೆ ದಂಡ ವಿಧಿಸಬೇಕು ಎಂಬುದು ಅಲ್ಲಿಯ ವಿಧಿ. ಕತ್ತರಿಸಿಹಾಕುವ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ವಿನಂತಿ. ಮುಂದೆ ಇದರ ಪ್ರಯೋಜನ ಬೀಳುವುದು.

ನಮ್ಮ ಸಂಪ್ರದಾಯದಲ್ಲಿಯಂತೂ ಹಣದ ಲೆಕ್ಕವು ಹೀನವಾದ ಕೆಲಸವೆಂಬ ಭಾವನೆ ಎಂದೂ ಇರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಕೊಂಡೆಯರ ಮಾತಿಗೆ ಕಿವಿಗೊಟ್ಟು ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಿಸಿದನೆಂದೂ, ಲೆಕ್ಕದಲ್ಲಿ ಕೊರತೆಯೇನೂ ಕಾಣಲಿಲ್ಲವೆಂದೂ ಬಸವಪುರಾಣವು ನಿರೂಪಿಸುತ್ತದೆ. ಅದನ್ನು ಪವಾಡವೆಂದು ಕೇಳಿ ತಲೆದೂಗುವವರೇ ಹೆಚ್ಚು. ಆದರೆ ಎಣಿಕೆಯನ್ನು ಎದುರಿಸಲು ಭಂಡಾರಿಯು ಹಿಂಜರಿಯಲಿಲ್ಲವೆಂಬ ಅಂಶವು ನನಗೆ ಪವಾಡಕ್ಕಿಂತ ಮುಖ್ಯವಾಗಿ ತೋರುತ್ತದೆ.

ಇನ್ನು ಪ್ರಸ್ತುತಕ್ಕೆ ಬರೋಣ. ಭಾರತದಲ್ಲಿ ನೋಟುಗಳನ್ನು ಹೊರಡಿಸುವ ಅಧಿಕಾರವು ೧೯೩೪ರ ಕಾಯಿದೆಯ ೨೨ನೆಯ ವಿಧಿಯ ಪ್ರಕಾರ ರಿಸರ್ವ್ ಬ್ಯಾಂಕಿಗೆ ಮಾತ್ರ ಸೇರಿದ್ದು. ಅದೇ ಕಾಯಿದೆಯ ೨೭ನೆಯ ವಿಧಿಯು, ಹರಿದ, ಕೆಡಿಸಿದ, ಅತಿಯಾಗಿ ಮಾಸಿದ ನೋಟುಗಳನ್ನು ಬ್ಯಾಂಕು ಮತ್ತೆ ಚಲಾವಣೆಗೆ ಬಿಡಕೂಡದೆಂದು ಹೇಳುತ್ತದೆ. ನೋಟು ಮುದ್ರಣವಾಗುವ ನಾಲ್ಕು ಸ್ಥಳಗಳಲ್ಲಿ ನಾಸಿಕ ಮತ್ತು ದೇವಾಸಗಳು ಕೇಂದ್ರ ಸರ್ಕಾರದ ನಿಗಮಕ್ಕೆ ಸೇರಿದವು. ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಗಳು ೧೯೯೫ರಲ್ಲಿ ಸ್ಥಾಪಿತವಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಸಂಸ್ಥೆಗೆ ಸೇರಿದವು. ಆ ಸಂಸ್ಥೆಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಮೈಸೂರಿನ ಮುದ್ರಣಾಲಯವು ೧೯೯೬ರಲ್ಲಿ ಕೆಲಸ ಪ್ರಾರಂಭಿಸಿತು. ನೋಟಿನ ಕಾಗದವನ್ನು ತಯಾರಿಸಲು ೨೦೧೦ರಲ್ಲಿ ರಚಿತವಾದ ಕಂಪನಿಯ ಗಿರಣಿಯೂ ಮೈಸೂರಿನಲ್ಲಿದೆ. ನೋಟಿನ ಮಸಿಗಾಗಿ ‘ವರ್ಣಿಕಾ’ ಎಂಬ ಘಟಕವು ೨೦೨೨ರ ಮಾರ್ಚ್ ೨೮ರಂದು ಅಲ್ಲಿಯೇ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಕಾಗದ, ಮಸಿ, ಮುದ್ರಣ ಮೂರೂ ಕನ್ನಡನಾಡಿನ ಒಂದೇ ಊರಿನಲ್ಲಿ ಸೇರಿರುವುದು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. ನೋಟಿನ ಕಾಗದವೆಂದರೆ ಮರದ ತಿರುಳಿನದಲ್ಲ, ಹತ್ತಿಯದು; ಆದುದರಿಂದಲೇ ಅದು ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋಗಿ ಬಂದರೂ ಮುದ್ದೆಯಾಗದೆ ಉಳಿಯುತ್ತದೆ.

ಹಿಂದೆ ಬ್ಯಾಂಕಿನ ಖಜಾಂಚಿಯು ಒದ್ದೆ ಸ್ಪಂಜಿಗೆ ಬೆರಳು ಒತ್ತಿ, ನೂರು ನೋಟುಗಳ ಕಟ್ಟನ್ನು ಬೀಸಣಿಗೆಯಂತೆ ಅಗಲಿಸಿ ಎಣಿಸುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಎಣಿಸಿದ ಮೇಲೆ ಕಟ್ಟಿನ ಒಂದು ಬದಿಗೆ ದಪ್ಪ ತಂತಿಯ ಪಿನ್ನನ್ನು ಹೊಡೆದು, ಮೇಲಿನ ಚೀಟಿಯಲ್ಲಿ ಸಹಿ ಮಾಡಿ, ಕೆಲವೊಮ್ಮೆ ನೋಟಿನ ಬಿಳಿಯ ಜಾಗದಲ್ಲಿಯೇ ಸಂಖ್ಯೆ ಬರೆದು ಇಡುವ ಪದ್ಧತಿಯಿದ್ದಿತು. ಪಡೆದವನು ಪಿನ್ನನ್ನು ಕೀಳುವಾಗ ನೋಟು ತೂತಾಗುತ್ತಿತ್ತು. ಮತ್ತೆ ಪಿನ್ನು, ಮತ್ತೆ ತೂತು. ನೋಟಿನ ಆಯುಷ್ಯವನ್ನು ಕಳ್ಳನೋಟಿನವನಿಗಿಂತ ಈ ಪಿನ್ನೇ ಹೆಚ್ಚಾಗಿ ತಿಂದಿತೆಂದರೆ ಅತಿಶಯೋಕ್ತಿಯಲ್ಲ. ೧೯೯೯ರಲ್ಲಿ ರಿಸರ್ವ್ ಬ್ಯಾಂಕು ಸ್ವಚ್ಛ ನೋಟಿನ ನೀತಿಯನ್ನು ಘೋಷಿಸಿತು. ೨೦೦೧ರ ನವೆಂಬರಿನಲ್ಲಿ, ಪಿನ್ನು ಹೊಡೆಯುವುದನ್ನು ನಿಲ್ಲಿಸಿ ಕಾಗದದ ಪಟ್ಟಿಯಿಂದ ಕಟ್ಟಬೇಕೆಂದು ಎಲ್ಲ ಬ್ಯಾಂಕುಗಳಿಗೂ ಆದೇಶವಾಯಿತು. ಯಂತ್ರಗಳ ಆಗಮನಕ್ಕೂ ಇದಕ್ಕೂ ನಿಕಟ ಸಂಬಂಧವುಂಟು: ಪಿನ್ನು ಹೊಡೆದ ಕಟ್ಟನ್ನು ಯಂತ್ರದ ಬಾಯಿಗೆ ಇಡುವಂತಿಲ್ಲ.

ಈ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ತರಗತಿಗಳನ್ನು ಕಾಣಬಹುದು. ಕಿರಾಣಿ ಮಂಡಿಗಳಲ್ಲಿಯೂ ಬಟ್ಟೆ ಅಂಗಡಿಗಳಲ್ಲಿಯೂ ಮೇಜಿನ ಮೇಲೆ ಕುಳಿತಿರುವ ಚಿಕ್ಕ ಯಂತ್ರವು ಪ್ರಧಾನವಾಗಿ ಎಣಿಸುವುದಕ್ಕೆ ಮಾಡಿದ್ದು; ಖೋಟಾ ನೋಟಿನ ಬಗ್ಗೆ ಅದು ಕೂಗಿ ಹೇಳುವುದು ಒಂದೆರಡು ಲಕ್ಷಣಗಳನ್ನು ಮಾತ್ರ ನೋಡಿ. ಬ್ಯಾಂಕುಗಳಲ್ಲಿರುವ ವಿಂಗಡಣೆಯ ಯಂತ್ರವು ಇದಕ್ಕಿಂತ ಮೇಲಿನದು. ಅದು ನೋಟಿನ ಸಾಚಾತನವನ್ನೂ ಚಲಾವಣೆಗೆ ಯೋಗ್ಯವೇ ಎಂಬುದನ್ನೂ ಪ್ರತ್ಯೇಕವಾಗಿ ನಿರ್ಣಯಿಸುತ್ತದೆ. ರಿಸರ್ವ್ ಬ್ಯಾಂಕಿನ ಇಶ್ಯೂ ಕಚೇರಿಗಳಲ್ಲಿ ಸ್ಥಾಪಿತವಾಗಿರುವ, ಕರೆನ್ಸಿ ವೆರಿಫಿಕೇಷನ್ ಅಂಡ್ ಪ್ರೊಸೆಸಿಂಗ್ ಸಿಸ್ಟಂ ಎಂಬ ಮಾರುದ್ದದ ಹೆಸರಿನ ಮಹಾಯಂತ್ರವು ಮೂರನೆಯದು. ಬೆಂಗಳೂರಿನ ಇಶ್ಯೂ ಕಚೇರಿ ಇರುವುದು ನೃಪತುಂಗ ರಸ್ತೆಯಲ್ಲಿ. ಕಾವ್ಯದ ಗುಣದೋಷಗಳನ್ನು ವಿಂಗಡಿಸುವ ಕವಿರಾಜಮಾರ್ಗವು ಯಾವ ದೊರೆಯ ಆಸ್ಥಾನದಲ್ಲಿ ಹುಟ್ಟಿತೋ ಆ ದೊರೆಯ ಹೆಸರಿನ ಬೀದಿಯಲ್ಲಿಯೇ ನೋಟಿನ ಗುಣದೋಷ ವಿಚಾರಕ್ಕೂ ಕಚೇರಿ ದೊರೆತುದು ಸೊಗಸಾಗಿದೆ.

ಮಹಾಯಂತ್ರವು ಒಂದು ಗಂಟೆಗೆ ೫೦,೦೦೦ದಿಂದ ೬೦,೦೦೦ದವರೆಗೆ ನೋಟುಗಳನ್ನು ಪರೀಕ್ಷಿಸುತ್ತದೆ. ಅಂದರೆ ಒಂದು ಸೆಕೆಂಡಿಗೆ ಸುಮಾರು ಹದಿನಾಲ್ಕರಿಂದ ಹದಿನೇಳು. ನಾವು ಎವೆಯಿಕ್ಕಿ ತೆರೆಯುವಷ್ಟರಲ್ಲಿ ನಾಲ್ಕೈದು ನೋಟುಗಳು ತೀರ್ಪು ಪಡೆದು ಹೋಗಿರುತ್ತವೆ. ಎಲ್ಲಕ್ಕಿಂತ ಕಷ್ಟದ ಕೆಲಸವು ಪರೀಕ್ಷೆಯಲ್ಲ, ಒಂದೊಂದನ್ನೇ ಬಿಡಿಸುವುದು. ಜಿಡ್ಡು ಹಿಡಿದು ಒಂದಕ್ಕೊಂದು ಅಂಟಿದ ಎರಡು ನೋಟುಗಳು ಒಂದಾಗಿ ಒಳಹೊಕ್ಕರೆ ಎಣಿಕೆಯೇ ತಪ್ಪುವುದು. ಆದುದರಿಂದ ಬಾಯಲ್ಲಿರುವ ಉರುಳೆಗಳು ಮೇಲಿನ ಅಥವಾ ಕೆಳಗಿನ ನೋಟೊಂದನ್ನು ಉಜ್ಜಿ ಎಳೆಯುತ್ತವೆ, ಇಲ್ಲವೆ ಗಾಳಿಯ ಹೀರುವಿಕೆಯಿಂದ ಎತ್ತುತ್ತವೆ. ದಪ್ಪವನ್ನೂ ಬೆಳಕು ಹಾಯುವ ಪ್ರಮಾಣವನ್ನೂ ಅಳೆದು, ಎರಡು ಕೂಡಿದ್ದರೆ ಪಕ್ಕದ ಗೂಡಿಗೆ ತಳ್ಳುತ್ತವೆ.

ಬಿಡಿಯಾದ ನೋಟು ಪಟ್ಟಿಗಳ ನಡುವೆ ಓಡುತ್ತಿರುವಾಗ ಅದರ ಎರಡು ಮುಖಗಳನ್ನೂ ಯಂತ್ರದ ಕಣ್ಣುಗಳು ಏಕಕಾಲದಲ್ಲಿ ನೋಡುತ್ತವೆ. ಸಾಮಾನ್ಯ ಬೆಳಕಿನಲ್ಲಿ ಚಿತ್ರವೂ ಅಳತೆಯೂ ತಿಳಿಯುತ್ತವೆ. ಅತಿನೇರಳೆ ಕಿರಣದಲ್ಲಿ ಅಂಗಡಿಯ ಬಿಳಿಯ ಕಾಗದವು, ಬೆಳ್ಳಗಾಗಲೆಂದು ಹಾಕಿದ ರಾಸಾಯನಿಕದಿಂದ, ನೀಲಿಯಾಗಿ ಹೊಳೆಯುತ್ತದೆ. ನೋಟಿನ ಹತ್ತಿಯ ಕಾಗದವು ಮಂಕಾಗಿಯೇ ಉಳಿದು, ಅದರಲ್ಲಿ ಹುದುಗಿದ ಎಳೆಗಳೂ ಸಂಖ್ಯೆಗಳೂ ಮಾತ್ರ ಬೆಳಗುತ್ತವೆ. ಅವಕೆಂಪು ಕಿರಣದಲ್ಲಿ ಕೆಲವು ಮಸಿಗಳು ಮಾಯವಾಗುತ್ತವೆ, ಕೆಲವು ಉಳಿಯುತ್ತವೆ. ಕಣ್ಣಿಗೆ ಒಂದೇ ಬಣ್ಣವಾಗಿ ಕಾಣುವ ಎರಡು ಮಸಿಗಳನ್ನು ಅದು ಬೇರೆ ಮಾಡುತ್ತದೆ. ಭಾರತವೆಂಬ ಅಕ್ಷರಗಳನ್ನು ಹೊತ್ತ ರಕ್ಷಣಾ ನೂಲನ್ನು ಓದುವ ಸಾಧನವು ಬೇರೆಯಾಗಿಯೇ ಇದೆ. ಕಣ್ಣಿನ ಕೆಲಸ ಒಂದು, ಒರೆಗಲ್ಲಿನ ಕೆಲಸ ಇನ್ನೊಂದು, ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳುವ ಕೆಲಸ ಮತ್ತೊಂದು ಎಂದು ನೋಟಗಾರನು ಹಂಚಿಕೊಂಡಿದ್ದ ಹಾಗೆ, ಇಲ್ಲಿಯೂ ಪ್ರಮಾಣಗಳು ಹಲವು. ಒಂದೇ ಪ್ರಮಾಣವನ್ನು ನಂಬಿದ ಪರೀಕ್ಷೆಯನ್ನು ಕಳ್ಳನು ಬೇಗ ಕಲಿತುಕೊಳ್ಳುವನು. ಬರಿಯ ಅತಿನೇರಳೆ ದೀಪವೊಂದನ್ನು ಕೊಂಡು ನಿಶ್ಚಿಂತರಾದ ಅಂಗಡಿಕಾರರಿಗೆ ಈ ಮಾತನ್ನು ಹೇಳಬೇಕಾಗಿದೆ.

ಸಾಚಾ ಎಂದು ತಿಳಿದ ಮೇಲೆ ಯೋಗ್ಯತೆಯ ವಿಚಾರ. ಮಾಸಿರುವುದು, ಬಿಗಿ ಕಳೆದು ಜೋಲಾಗಿರುವುದು, ಮೂಲೆ ಮಡಿಚಿರುವುದು, ಹರಿದಿರುವುದು, ತೂತು, ಕಲೆ, ಬರಹ, ಬಣ್ಣಗೆಟ್ಟಿರುವುದು, ಅಂಟುಪಟ್ಟಿ ಹಚ್ಚಿರುವುದು ಮೊದಲಾದ ದೋಷಗಳನ್ನು ರಿಸರ್ವ್ ಬ್ಯಾಂಕು ವಿವರವಾಗಿ ಲಕ್ಷಣೀಕರಿಸಿದೆ. ತೂತು ೮ ಚದರ ಮಿಲಿಮೀಟರಿಗಿಂತ ದೊಡ್ಡದಾದರೆ ನೋಟು ಅಯೋಗ್ಯ. ಮಡಿಚಿದ ಮೂಲೆಯು ೧೦೦ ಚದರ ಮಿಲಿಮೀಟರನ್ನು ಮೀರಿ, ಅದರ ಚಿಕ್ಕ ಅಂಚು ೫ ಮಿಲಿಮೀಟರಿಗಿಂತ ಹೆಚ್ಚಾದರೆ ಅದೂ ಅಯೋಗ್ಯ. ಅಲಂಕಾರಶಾಸ್ತ್ರದ ದೋಷಪ್ರಕರಣವನ್ನು ಓದಿದವರಿಗೆ ಈ ಪಟ್ಟಿಯು ಅಪರಿಚಿತವೆನಿಸದು. ಆದರೆ ನಮ್ಮ ಲಾಕ್ಷಣಿಕರು ಯಾರೂ ದೋಷವನ್ನು ಮಿಲಿಮೀಟರಿನಲ್ಲಿ ಅಳೆಯುವ ಧೈರ್ಯ ಮಾಡಲಿಲ್ಲ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನೋಟುಗಳನ್ನು ಯಂತ್ರದಿಂದ ಪರೀಕ್ಷಿಸದೆ ಮತ್ತೆ ಗ್ರಾಹಕರಿಗೆ ಕೊಡಕೂಡದೆಂದು ಬ್ಯಾಂಕುಗಳಿಗೆ ವಿಧಿಸಲಾಗಿದೆ. ಯಂತ್ರಗಳೇ ಹೇಗಿರಬೇಕೆಂಬುದಕ್ಕೆ ೨೦೨೪ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕವೂ ಬಂದಿತು.

ವಿಂಗಡಣೆಯಾದ ನೋಟುಗಳು ಗೂಡುಗಳಲ್ಲಿ ನೂರು ನೂರಾಗಿ ಸೇರುತ್ತಲೇ ಯಂತ್ರವು ಅವುಗಳಿಗೆ ಕಾಗದದ ಪಟ್ಟಿಯನ್ನು ಸುತ್ತಿ, ಬಿಸಿಯಿಂದ ಅಂಟಿಸುತ್ತದೆ. ಇಂಥ ಹತ್ತು ಕಟ್ಟುಗಳು ಕೂಡಿದರೆ ಸಾವಿರ ನೋಟುಗಳ ಒಂದು ಹೊರೆ. ಹೊರೆಯನ್ನು, ಶಾಖ ತಗುಲಿದರೆ ಕುಗ್ಗಿ ಬಿಗಿಯುವ ಪಾರದರ್ಶಕ ಹಾಳೆಯಲ್ಲಿ ಸುತ್ತುವರು. ಬೀಗವನ್ನು ತೆರೆದು ಮತ್ತೆ ಹಾಕಿದರೆ ಗುರುತು ಉಳಿಯದು. ಈ ಹಾಳೆಯನ್ನು ಸೀಳಿದರೆ ಮರೆಮಾಚಲಾಗದು. ಹಾಗಾಗಿ ಬಿಗಿಹೊದಿಕೆಯು ಬೀಗಕ್ಕಿಂತ ಮಿಗಿಲಾದ ಸಾಕ್ಷಿ. ಹೊಸ ನೋಟಿನ ಕಟ್ಟಿನಲ್ಲಿ ಸಂಖ್ಯೆಯ ನಡುವೆ ನಕ್ಷತ್ರದ ಗುರುತುಳ್ಳ ನೋಟೊಂದು ಕಂಡರೆ ಕೆಲವರು ಖೋಟಾ ಎಂದು ಹೆದರುವುದುಂಟು. ಮುದ್ರಣದಲ್ಲಿ ಕೆಟ್ಟುದರ ಬದಲಿಗೆ ಸೇರಿಸಿದ ನೋಟು ಅದು. ೨೦೦೬ರಿಂದ ಹತ್ತು, ಇಪ್ಪತ್ತು, ಐವತ್ತು ರೂಪಾಯಿಗಳಲ್ಲಿಯೂ, ೨೦೧೬ರ ಡಿಸೆಂಬರಿನಿಂದ ಐನೂರರಲ್ಲಿಯೂ ಈ ಪದ್ಧತಿ ಬಂದಿದೆ. ಕ್ರಮಸಂಖ್ಯೆ ತಪ್ಪಿದರೂ ಕಟ್ಟಿನಲ್ಲಿ ನೂರು ನೋಟು ಇದ್ದೇ ಇರುತ್ತದೆ.

ಯಂತ್ರಗಳು ಅಳತೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆಂಬುದು ೨೦೧೬ರ ನವೆಂಬರ್ ೮ರ ನಂತರ ದೇಶಕ್ಕೆಲ್ಲ ಮನವರಿಕೆಯಾಯಿತು. ಹಳೆಯ ಐನೂರರ ನೋಟು ೧೬೭ ಮಿಲಿಮೀಟರ್ ಉದ್ದ, ೭೩ ಮಿಲಿಮೀಟರ್ ಅಗಲವಿದ್ದುದು. ಹೊಸದು ೧೫೦ ಉದ್ದ, ೬೬ ಅಗಲ. ಹಣ ಕೊಡುವ ಯಂತ್ರಗಳೆಲ್ಲವನ್ನೂ ಹೊಸ ಅಳತೆಗೆ ಹೊಂದಿಸುವವರೆಗೆ ಜನರು ಸಾಲಿನಲ್ಲಿ ನಿಂತರು. ಈಗ ಐವತ್ತು, ನೂರು, ಇನ್ನೂರು, ಐನೂರು ಎಲ್ಲವೂ ೬೬ ಮಿಲಿಮೀಟರ್ ಅಗಲದವೇ. ಹಂಪೆಯ ಕಲ್ಲಿನ ರಥವಿರುವ, ೨೦೧೭ರಲ್ಲಿ ಬಂದ ಐವತ್ತರ ನೋಟು ೧೩೫ ಉದ್ದ. ನೂರು ೧೪೨, ಇನ್ನೂರು ೧೪೬, ಐನೂರು ೧೫೦. ನಾಲ್ಕು ಮಿಲಿಮೀಟರಿನ ಈ ಅಂತರ ಯಂತ್ರಕ್ಕೆ ಲೀಲಾಜಾಲ. ಆದರೆ ದೃಷ್ಟಿಯಿಲ್ಲದವರ ಬೆರಳಿಗೆ? ಹಳೆಯ ನೋಟುಗಳಲ್ಲಿ ನೂರಕ್ಕೂ ಐನೂರಕ್ಕೂ ಹತ್ತು ಮಿಲಿಮೀಟರಿನ ಅಂತರವಿದ್ದಿತು. ಈ ಬದಲಾವಣೆಯ ವಿರುದ್ಧ ಅಂಧರ ಸಂಸ್ಥೆಯವರು ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ೨೦೨೦ರ ಜನವರಿ ೧ರಂದು ರಿಸರ್ವ್ ಬ್ಯಾಂಕು ‘ಮಣಿ’ ಎಂಬ ಮೊಬೈಲ್ ಸಾಧನವನ್ನು ಹೊರತಂದಿತು. ನೋಟನ್ನು ಅದರ ಮುಂದೆ ಹಿಡಿದರೆ ಬೆಲೆಯನ್ನು ಹೇಳುತ್ತದೆ, ಆದರೆ ಸಾಚಾ ಖೋಟಾಗಳನ್ನು ಹೇಳುವುದಿಲ್ಲ. ನೂರರಲ್ಲಿ ತ್ರಿಕೋನ, ಐನೂರರಲ್ಲಿ ವೃತ್ತ ಎಂಬಂತೆ ಬೆರಳಿಗೆ ಸಿಗುವ ಉಬ್ಬುಗುರುತುಗಳು ಇವೆ, ನಿಜ. ನೋಟು ಸವೆದಂತೆ ಉಬ್ಬೂ ಸವೆಯುತ್ತದೆ. ಜೋಲಾದ ನೋಟನ್ನು ಯಂತ್ರವು ಹೊರಹಾಕಬೇಕಾದುದು ಚೆಲುವಿಗಾಗಿ ಮಾತ್ರವಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಅಂಧ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಉಪಾಧ್ಯಾಯರು ಹೊಸ ನೋಟುಗಳನ್ನೇ ತಂದು ಗುರುತುಗಳನ್ನು ಅಭ್ಯಾಸ ಮಾಡಿಸಿದರೆ ಒಳಿತು.

ಖೋಟಾ ನೋಟಿನ ವಿಷಯದಲ್ಲಿ ನಿಯಮವು ಕಠಿನವಾಗಿದೆ. ಬ್ಯಾಂಕಿಗೆ ಒಯ್ದ ನೋಟು ಖೋಟಾ ಎಂದು ಕಂಡರೆ ಅದರ ಮೇಲೆ ಮುದ್ರೆ ಒತ್ತಿ ವಶಪಡಿಸಿಕೊಂಡು, ತಂದವನಿಗೆ ರಸೀದಿ ಕೊಡುವರು. ಹಣವನ್ನು ಕೊಡುವುದಿಲ್ಲ, ನೋಟನ್ನು ಹಿಂದಿರುಗಿಸುವುದೂ ಇಲ್ಲ. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಯಲ್ಲಿ ಪೋಲೀಸರಿಗೆ ಒಟ್ಟು ವರದಿ; ಐದು ಅಥವಾ ಹೆಚ್ಚಾದರೆ ಕೂಡಲೇ ದೂರು. ೨೦೨೪–೨೫ರಲ್ಲಿ ದೇಶದ ಬ್ಯಾಂಕುಗಳಲ್ಲಿ ಪತ್ತೆಯಾದ ಖೋಟಾ ನೋಟುಗಳು ೨,೧೭,೩೯೬. ಅವುಗಳಲ್ಲಿ ಬಹುಪಾಲು ಸಿಕ್ಕಿದುದು ಇತರ ಬ್ಯಾಂಕುಗಳಲ್ಲಿ. ರಿಸರ್ವ್ ಬ್ಯಾಂಕಿನವರೆಗೆ ಹೋಗಿ ಸಿಕ್ಕಿದುದು ನೂರಕ್ಕೆ ಐದಕ್ಕಿಂತ ಕಡಿಮೆ. ನೋಟು ಖೋಟಾ ಎಂದು ತಿಳಿದ ಮೇಲೆ ‘ನನಗೂ ಯಾರೋ ಕೊಟ್ಟದ್ದು’ ಎಂದು ಸಂತೆಯಲ್ಲಿ ದಾಟಿಸುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಕಾಣಿಕೆಪೆಟ್ಟಿಗೆಯಲ್ಲಿ ಅದನ್ನು ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅವರಿಗೆ ಏನು ಹೇಳಬೇಕೋ ಶಿವನೇ ಬಲ್ಲ.

ಹರಿದ ನೋಟಿನ ವಿಷಯ ಹಾಗಲ್ಲ. ಶುಲ್ಕ ಕಟ್ಟಲು ಬಂದ ತಾಯಂದಿರು ಸೆರಗಿನ ಗಂಟಿನಿಂದ ಬಿಚ್ಚಿದ ನೋಟು ಮಡಿಕೆಯಲ್ಲಿ ಸೀಳಿರುವುದನ್ನು ಕಂಡು ಸಂಕೋಚಪಡುವುದನ್ನು ನಮ್ಮ ಕಚೇರಿಯವರು ಬಲ್ಲರು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ಒಂದೇ ತುಂಡಾಗಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಪೂರ್ಣ ಬೆಲೆ. ನಲವತ್ತರಿಂದ ಎಂಬತ್ತರವರೆಗೆ ಇದ್ದರೆ ಅರ್ಧ ಬೆಲೆ. ಇಪ್ಪತ್ತು ಮತ್ತು ಅದಕ್ಕಿಂತ ಚಿಕ್ಕ ನೋಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ಣ ಬೆಲೆ ದೊರೆಯುತ್ತದೆ. ವಾಣಿಜ್ಯ ಬ್ಯಾಂಕುಗಳ ಶಾಖೆಗಳು ಖಾತೆಯಿಲ್ಲದವರಿಗೂ ಇದನ್ನು ಮಾಡಿಕೊಡಬೇಕು. ನೋಟಿನ ಮೇಲೆ ಏನೋ ಗೀಚಿದ್ದರೆ ಅದು ಚಲಿಸದೆಂಬ ವದಂತಿ ಸುಳ್ಳು. ಅದನ್ನು ಖಾತೆಗೆ ತುಂಬಬಹುದು, ಬ್ಯಾಂಕು ಮಾತ್ರ ಮತ್ತೆ ಹೊರಗೆ ಬಿಡುವುದಿಲ್ಲ. ರಾಜಕೀಯ ಘೋಷಣೆ ಬರೆದ ನೋಟು ಮಾತ್ರ ನಿಯಮದ ಪ್ರಕಾರ ತನ್ನ ಮೌಲ್ಯವನ್ನು ಕಳೆದುಕೊಳ್ಳುತ್ತದೆ.

ಇಲ್ಲಿ ದಾನಿಗಳಲ್ಲಿ ಒಂದು ಬಿನ್ನಹ. ಕಾಣಿಕೆಯ ನೋಟನ್ನು ಎಂಟು ಮಡಿಕೆ ಮಾಡಿ ಅರಿಸಿನ ಕುಂಕುಮ ಹಚ್ಚಿ ಪೆಟ್ಟಿಗೆಗೆ ಹಾಕುವುದು ಭಕ್ತಿಯ ಲಕ್ಷಣವೆಂದು ಭಾವಿಸುವವರುಂಟು. ಎಣಿಕೆಯ ದಿನ ಅದನ್ನು ಬಿಡಿಸಿ ನೇರ ಮಾಡಲು ಒಬ್ಬ ಮನುಷ್ಯನು ಪಡುವ ಪಾಡನ್ನು ಅವರು ಒಮ್ಮೆ ಬಂದು ನೋಡಬೇಕು. ಮಲೆಯ ಮಹದೇಶ್ವರನ ಬೆಟ್ಟದಂಥ ಕ್ಷೇತ್ರಗಳಲ್ಲಿ ಹುಂಡಿಯ ಎಣಿಕೆಯೆಂದರೆ ಹತ್ತಾರು ಜನರು ಇಡೀ ದಿನ ನೆಲದ ಮೇಲೆ ಕುಳಿತು ಮಾಡುವ ಕೆಲಸ. ಅಷ್ಟು ನೇರ್ಪಡಿಸಿದ ಮೇಲೆಯೇ ಯಂತ್ರದ ಸರದಿ. ನೋಟಿನ ಹಾರವಂತೂ ಇನ್ನೂ ಕೆಟ್ಟದು. ಹಾರ ಮಾಡಲು, ಮಂಟಪ ಸಿಂಗರಿಸಲು, ಮೆರವಣಿಗೆಯಲ್ಲಿ ತೂರಲು ನೋಟುಗಳನ್ನು ಬಳಸಬಾರದೆಂದು ರಿಸರ್ವ್ ಬ್ಯಾಂಕು ಹಲವು ಬಾರಿ ವಿನಂತಿಸಿಕೊಂಡಿದೆ. ಹೂವಿನ ಹಾರಕ್ಕೆ ನಮ್ಮ ನಾಡಿನಲ್ಲಿ ಬರವಿಲ್ಲ.

ಅಯೋಗ್ಯವಾದ ನೋಟುಗಳು ಕೊನೆಗೆ ಏನಾಗುತ್ತವೆ? ಹಿಂದೆ ಅವನ್ನು ಸುಡುತ್ತಿದ್ದರು. ಈಗ ರಿಸರ್ವ್ ಬ್ಯಾಂಕಿನ ಮಹಾಯಂತ್ರವು ಪರೀಕ್ಷಿಸಿದ ಕ್ಷಣದಲ್ಲಿಯೇ ಕೆಟ್ಟುದನ್ನು ತನ್ನ ಹೊಟ್ಟೆಯೊಳಗೆ ಸಣ್ಣ ಸಣ್ಣ ಎಳೆಗಳಾಗಿ ಕತ್ತರಿಸಿಬಿಡುತ್ತದೆ. ಕೌಟಿಲ್ಯನು ಖೋಟಾ ನಾಣ್ಯಕ್ಕೆ ವಿಧಿಸಿದ ಕತ್ತರಿಯು ಇಲ್ಲಿ ವೃದ್ಧವಾದ ಸಾಚಾ ನೋಟಿನ ಪಾಲಿಗೆ ಬಂದಿದೆ. ೨೦೨೩–೨೪ರ ಒಂದು ವರ್ಷದಲ್ಲಿ ಹೀಗೆ ವಿಲೇವಾರಿಯಾದ ನೋಟುಗಳು ೨,೦೦೦ ಕೋಟಿಗೂ ಹೆಚ್ಚು. ಕತ್ತರಿಸಿದ ಚೂರುಗಳನ್ನು ಒತ್ತಿ ಇಟ್ಟಿಗೆಯಂತೆ ಗಟ್ಟಿ ಮಾಡುವರು. ವರ್ಷಕ್ಕೆ ಸುಮಾರು ೧೫,೦೦೦ ಟನ್ನು. ಬಹುಕಾಲ ಅವು ಕುಲುಮೆಯ ಉರುವಲಾಗಿಯೋ ಹಳ್ಳ ತುಂಬುವ ಮಣ್ಣಿನ ಬದಲಾಗಿಯೋ ಹೋಗುತ್ತಿದ್ದವು. ಇವನ್ನು ಮತ್ತಾವುದಕ್ಕೆ ಬಳಸಬಹುದೆಂದು ನೋಡುವ ಕೆಲಸವನ್ನು ರಿಸರ್ವ್ ಬ್ಯಾಂಕು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ವಹಿಸಿತು. ಆ ಸಂಸ್ಥೆ ಇರುವುದು ನಮ್ಮ ಮಲ್ಲೇಶ್ವರದಲ್ಲಿ, ಬಾಗಲಗುಂಟೆಯಿಂದ ಹೆಚ್ಚೇನೂ ದೂರವಲ್ಲ. ಮರದ ಪುಡಿಯಿಂದ ಹಲಗೆ ಮಾಡುವವರು ಈ ಚೂರನ್ನು ಕಚ್ಚಾಸಾಮಗ್ರಿಯಾಗಿ ಬಳಸಬಹುದೆಂದು ಅಲ್ಲಿಯ ಅಧ್ಯಯನವು ತಿಳಿಸಿದ ಮೇಲೆ, ಅಂಥ ಹಲಗೆ ತಯಾರಕರನ್ನು ಗುರುತಿಸಿ ಪಟ್ಟಿ ಮಾಡುವ ಕಾರ್ಯವನ್ನು ರಿಸರ್ವ್ ಬ್ಯಾಂಕು ಪ್ರಾರಂಭಿಸಿದೆ.